ಐದಕ್ಕೆ ಒಂದು ಕಡಿಮೆ

ಮೊದಲು ಮೈಯ ಪ್ರಶ್ನೆಗಳು, ಆರು.
ಕಣ್ಣು ಕಾಣುತ್ತದೆಯೇ, ಕಿವಿ ಕೇಳುತ್ತದೆಯೇ,
ಮೆಟ್ಟಿಲು ಹತ್ತುವಿರಾ, ನೆನಪು ನಿಲ್ಲುತ್ತದೆಯೇ,
ಮೈ ತೊಳೆದುಕೊಳ್ಳುವಿರಾ,
ನೀವಾಡಿದ್ದು ಮಂದಿಗೆ ತಿಳಿಯುತ್ತದೆಯೇ.
ಉತ್ತರ ನಾಲ್ಕೇ:
ತೊಂದರೆಯಿಲ್ಲ, ಸ್ವಲ್ಪ, ಬಹಳ, ಆಗುವುದೇ ಇಲ್ಲ.

ಲೆಸೊಥೊದ ಈ ಬೆಟ್ಟದಲ್ಲಿ ಯಾರ ಮನೆಗೂ ಮೆಟ್ಟಿಲಿಲ್ಲ,
ಊರೇ ಒಂದು ಮೆಟ್ಟಿಲು.
ಬುಗ್ಗೆಯಿಂದ ಮನೆವರೆಗೆ ಕೊಡ ತರುತ್ತೀರಾ
ಎಂದು ತಿದ್ದಿಕೊಂಡು ಕೇಳುತ್ತೇನೆ.

ಮಥಕಾನೆ ಅಜ್ಜಿ ಆರಕ್ಕೂ ತೊಂದರೆಯಿಲ್ಲ ಅಂದಳು.
ಕಣ್ಣು? ‘ಗಿಡುಗನ ಕಣ್ಣು.’
ಅಂದವಳೇ, ಬಾಗಿಲ ಮೊಳೆಗೆ ನಾನು ತೂಗಿದ್ದ ಕೋಟಿಗೆ
‘ಒಳಗೆ ಬಾರಪ್ಪ, ಎಷ್ಟು ಹೊತ್ತು ನಿಲ್ಲುತ್ತೀ’ ಅಂದಳು.
ಪಟ್ಟಿಗೆ ಹೆಸರು ಬಿದ್ದವರ ಮೊಮ್ಮಕ್ಕಳನ್ನು
ಮಸೇರುವಿನ ಹಾಸ್ಟೆಲಿಗೆ ಒಯ್ಯುತ್ತಾರೆಂದು
ಯಾರೋ ಹಬ್ಬಿಸಿದ್ದರಂತೆ, ಅದು ಆಮೇಲೆ ತಿಳಿದದ್ದು.
ಹೇಳಿದ್ದನ್ನೇ ಬರೆಯಿರಿ ಅಂದಿದ್ದರು ತರಬೇತಿಯಲ್ಲಿ.
ಬರೆದೆ. ಕೋಟು ತೊಟ್ಟು ಹೊರಬಿದ್ದೆ.
ಅವಳು ಇಬ್ಬರಿಗೂ ಹೋಗಿಬನ್ನಿ ಅಂದಳು.

ಲೆಬುಸಾ ಅಜ್ಜನದು ಕೊನೆಯ ಮನೆ.
ಹತ್ತೊಂಬತ್ತು ವರ್ಷ ವೆಲ್ಕಮ್ಮಿನ ಚಿನ್ನದ ಗಣಿಯಲ್ಲಿ
ಬಂಡೆ ಕೊರೆದ ಯಂತ್ರ
ಕಿವಿಯನ್ನೂ ಕೊರೆದು ಮುಗಿಸಿತ್ತು.
ಕೇಳುವುದು: ಬಹಳ ತೊಂದರೆ. ಅದು ಸುಲಭ, ಗುರುತು ಹಾಕಿದೆ.

ಆಮೇಲೆ ಮನಸ್ಸಿನ ಹದಿನೈದು. ಹೌದು, ಇಲ್ಲ, ಅಷ್ಟೇ.
ಐದು ಅಂಕ ಸೇರಿದರೆ ದಾದಿ ಪುಸೆಲೆತ್ಸೊಗೆ ಚೀಟಿ.
ನಮ್ಮ ಮಾತಿನಲ್ಲಿ ಎದೆ ನೋಯುತ್ತದೆ ಅಂದರೆ
ಮನಸ್ಸೂ ಹೌದು, ಎದೆಯೂ ಹೌದು.
ಎದೆ ನೋಯುತ್ತದೆಯೇ ಅಂದೆ.
ಕೈ ಇಟ್ಟು ತೋರಿಸಿದ: ‘ಧೂಳು ಮಗಳೇ, ಗಣಿಯ ಧೂಳು.’

ಮೆಲ್ಲಗೆ ಕೇಳಿದರೆ ಕೇಳಿಸದು.
ಕೂಗಿದೆ.
ಬಾಳು ಬರಿದು ಅನ್ನಿಸುತ್ತದೆಯೇ!
ಇನ್ನೂ ಜೋರಾಗಿ,
ಬದುಕಿರುವುದು ಒಳ್ಳೆಯದು ಅನ್ನಿಸುತ್ತದೆಯೇ!
ಪಕ್ಕದ ಮನೆಯ ಕೋಲಿಗೆ ಬಿಳಿ ಬಾವುಟ ಏರಿತ್ತು,
ಅಂದು ಅಲ್ಲಿ ಜೋಳದ ಬಿಯರು.
ಲೋಟ ಹಿಡಿದವರೆಲ್ಲ ಮಾತು ನಿಲ್ಲಿಸಿದರು.
ಒಬ್ಬ ಕೆಮ್ಮಿದ, ಒಬ್ಬ ನಕ್ಕ.
ಡಂಗುರ ಹೊಡೆದು ಕೇಳಿದರೆ
ಯಾವ ಗಂಡಸು ಹೌದು ಅಂದಾನು?
ಇಲ್ಲ, ಅಂದ. ಎಲ್ಲ ಸರಿಯಿದೆ, ಅಂದ.
ಕಂಬಳಿಯ ಪಿನ್ನು ಬಿಚ್ಚಿ, ಮತ್ತೆ ಚುಚ್ಚಿಕೊಂಡ.

ಒಟ್ಟು ನಾಲ್ಕು.

ಇಳಿಜಾರಿನಲ್ಲಿ ಅರ್ಧ ದಾರಿ ಇಳಿದಿದ್ದೆ.
ನಾಲ್ಕು ಅವನದಲ್ಲ, ನನ್ನ ಗಂಟಲಿನದು,
ಅನ್ನಿಸಿ ಮತ್ತೆ ಹತ್ತಿದೆ.
ಕುರಿ ತೋರಿಸು ಬಾ ಅಜ್ಜ, ಎಂದು ಸನ್ನೆ ಮಾಡಿದೆ.

ದೊಡ್ಡಿಯ ಆಚೆ ನೆಲ ಮುಗಿಯುತ್ತದೆ,
ಕೆಳಗೆ ನದಿ, ಎದುರು ಬೋಳು ಗುಡ್ಡ.
ಹನ್ನೊಂದು ಕುರಿ ಬಿಟ್ಟರೆ ನಾವಿಬ್ಬರೇ.
ಅಲ್ಲಿ ನಿಂತು ಕೂಗಿದೆ, ಇದ್ದಷ್ಟೂ ದನಿಯಿಂದ:
ಬಾಳು ಬರಿದು ಅನ್ನಿಸುತ್ತದೆಯೇ!

ಎದುರಿನ ಗುಡ್ಡ ಅದನ್ನೇ ತಿರುಗಿಸಿ ಕೇಳಿತು.
ಅವನಿಗೆ ಅದು ಕೇಳಿಸಲಿಲ್ಲ.
ನನಗೆ ಕೇಳಿಸಿತು.

ಬಹಳ ಹೊತ್ತು ನದಿ ನೋಡಿದ.
‘ಹೌದು’ ಅಂದ,
ಗುಡ್ಡಕ್ಕೂ ಮುಟ್ಟದಷ್ಟು ಸಣ್ಣಗೆ.
‘ಕತ್ತೆ ಸತ್ತ ಚಳಿಗಾಲದಿಂದ.’
ಕತ್ತೆಗೆ ನಮೂನೆಯಲ್ಲಿ ಜಾಗವಿಲ್ಲ.

ಐದಾಯಿತು, ಅಂದೆ ಬೆರಳು ತೋರಿಸಿ.
ಐದಾದರೆ ಏನು ಕೊಡುತ್ತೀರಿ, ಅಂದ.
ದಾದಿ ಬಂದು ಜೊತೆಗೆ ಕೂರುತ್ತಾಳೆ, ಆರು ಗುರುವಾರ.
ಇಷ್ಟನ್ನು ಕೂಗಿ ಹೇಳಲು ನಾಚಿಕೆಯಾಯಿತು.
ಅವಳೂ ನಿನ್ನ ಹಾಗೆ ಅರಚುತ್ತಾಳಾ?
ಇನ್ನೂ ಜೋರು, ಅಂದೆ.

ಮರಿಯೊಂದರ ಕಿವಿ ಹಿಡಿದು ಒಳಗೆ ನೋಡುತ್ತ ಹೇಳಿದ:
‘ಗುರುವಾರ ಆಗದು. ಕುರಿಗಳಿಗೆ ಹುಳದ ಮದ್ದು ಹಾಕಬೇಕು.
ಶುಕ್ರವಾರ ಬರಲಿ.’

ಚೀಟಿಯಲ್ಲಿ ಗುರುವಾರ ಎಂದು ಅಚ್ಚಾಗಿಯೇ ಬಂದಿರುತ್ತದೆ.
ಹೊಡೆದುಹಾಕಿ,
ಪಕ್ಕದಲ್ಲಿ ದೊಡ್ಡದಾಗಿ ಬರೆದೆ: ಶುಕ್ರವಾರ.